ಹಣ್ಣಿನ ಮೇಲೆ ಹೂವು

"ಏನೋ ದೇವರಾಜ, ನಿನ್ ತೋಟ ಹೂ ಬಿಟ್ಟಿದ್ಯಂತಲ್ಲ ಮಾರಾಯ! ಹಣ್ಣು ಕುಯ್ದ್ ಆಗಿತ್ತ, ಇಲ್ವ?"

ವಸ್ತಾರೆಯಿಂದ ಹಿರಿಯ ಬೆಳೆಗಾರ ಗಂಗಾಧರಪ್ಪನವರು ಫೋನು ಮಾಡಿದಾಗ ದೇವರಾಜ ಕಣದಲ್ಲಿ ಒಣಹಾಕಿದ್ದ ಕಾಫಿಯನ್ನು ಕಾಲಿನಿಂದ ಕೆದಕುತ್ತಿದ್ದ. ಕೇಳಿದ್ದೇ ತಡ, ಚಪ್ಪಲಿಯನ್ನೂ ಮೆಟ್ಟದೆ ತೋಟದ ಕಡೆ ಓಡಿದ. ಜನವರಿ ಅರ್ಧ ಕಳೆದಿತ್ತು. ಅರೇಬಿಕಾ ತಳಿಯ ಕೊನೆಯ ಸುತ್ತಿನ ಕುಯ್ಲು ಬಾಕಿ, ರೋಬಸ್ಟಾವಂತೂ ಪೂರ್ತಿ ಗಿಡದಲ್ಲೇ ಇತ್ತು. ಹೋದ ವರ್ಷ ಇದೇ ಹೊತ್ತಿಗೆ ಕರೆಯದೆ ಬಂದ ನೆಂಟನಂತೆ ಒಂದು ಮಳೆ ಬಂದು, ಹಣ್ಣಿರುವ ಕೊಂಬೆಯಲ್ಲೇ ಹೂವೂ ಬಿಟ್ಟುಬಿಟ್ಟಿತ್ತು. ಹಣ್ಣು ಕುಯ್ಯಲು ಹೋದರೆ ಹೂ ಉದುರುತ್ತದೆ, ಹೂ ಉಳಿಸಲು ಹೋದರೆ ಹಣ್ಣು ಉದುರುತ್ತದೆ. ಈ ವರ್ಷದ ಬೆಳೆಯೋ ಬರುವ ವರ್ಷದ್ದೋ, ಒಂದನ್ನು ಬಿಟ್ಟುಕೊಡಲೇಬೇಕು. ಕೆಂಪು ಹಣ್ಣಿನ ನಡುವೆ ಬಿಳಿ ಹೂ ಕಂಡರೆ ಪೇಟೆಯವರು ಆಹಾ ಅನ್ನುತ್ತಾರೆ, ಬೆಳೆಗಾರನಿಗೆ ಅನ್ನ ಇಳಿಯುವುದಿಲ್ಲ.

ಗಿಡದಿಂದ ಗಿಡಕ್ಕೆ ಓಡಿ, ಕೊಂಬೆ ಬಗ್ಗಿಸಿ ನೋಡಿದ. ಎಲ್ಲೂ ಹೂವಿಲ್ಲ. ಮೊಗ್ಗುಗಳು ಗೆಣ್ಣುಗಳಲ್ಲಿ ಗಡದ್ದಾಗಿ ಮಲಗಿದ್ದವು. ಅಷ್ಟರಲ್ಲಿ ಇನ್ನೂ ಇಬ್ಬರು ಫೋನು ಮಾಡಿ ಅದನ್ನೇ ಕೇಳಿದರು. ಮೂರನೆಯವನು ಗೋಣಿಬೀಡಿನ ಗೊಬ್ಬರದ ಅಂಗಡಿಯವನು. ಅವನಿಂದ ವಿಷಯ ಗೊತ್ತಾಯಿತು.

"ಇಲ್ಲಿ ಬಸ್‌ಸ್ಟ್ಯಾಂಡ್ ಎದ್ರಿಗೆ ಇಪ್ಪತ್ತಡಿ ಫ್ಲೆಕ್ಸ್ ಹಾಕವ್ರೆ ದೇವರಾಜಣ್ಣ. ನಿಮ್ ತೋಟದಲ್ಲೇ ತೆಗ್ದಿದ್ದಲ್ವ ಆ ಫೋಟೋ? ಹಣ್ಣಿನ್ ಪಕ್ಕದಲ್ಲೇ ಇಷ್ಟಿಷ್ಟ್ ಹೂ! ನೋಡಿ ನಮ್ಗೂ ಕೈಕಾಲ್ ಬಿದ್ದೋಯ್ತು."

ದೇವರಾಜನಿಗೆ ಹೋದ ಜೀವ ಬಂದಂತಾಯಿತು. ನಗುತ್ತಲೇ ಹಿತ್ತಲ ಬಾಗಿಲಿನಿಂದ ಒಳಗೆ ಬಂದು, "ಕವನಾ, ನಿನ್ ಫ್ಲೆಕ್ಸ್ ಬಂತಂತೆ ಕಣೆ!" ಎಂದು ಕೂಗಿದ.

ಅಡುಗೆಮನೆಯಲ್ಲಿ ಅವನ ಮಗಳು ಕವನಾ ಅಕ್ಕಿ ರೊಟ್ಟಿಯನ್ನು ಸರಿಯಾಗಿ ಎರಡು ಭಾಗ ಮಾಡಿ, ಒಂದನ್ನು ತಿರುಗಿ ಡಬ್ಬಿಗೆ ಹಾಕುತ್ತಿದ್ದಳು. ಮೂಡಿಗೆರೆಯ ಕಾಲೇಜಿನಲ್ಲಿ ಎರಡನೆಯ ವರ್ಷದ ಬಿಕಾಂ ಓದುವ ಹುಡುಗಿ. ಮೂರು ವಾರದಿಂದ ಅವಳ ಊಟ ಇಷ್ಟೇ. ಅವಳ ಅಜ್ಜಿ ಪಾಪಮ್ಮ ಒಲೆಯ ಪಕ್ಕದ ಮಣೆಯ ಮೇಲೆ ಕೂತು, ಪೊರೆ ಬಂದ ಕಣ್ಣನ್ನು ಕಿರಿದು ಮಾಡಿಕೊಂಡು ಇದನ್ನೆಲ್ಲ ಗಮನಿಸುತ್ತಲೇ ಇತ್ತು.

"ಅರ್ಧ ರೊಟ್ಟಿ ತಿಂದು ಅರ್ಧ ದಿನ ಬದುಕ್ತೀಯೇನೆ?" ಎಂದಿತು ಅಜ್ಜಿ.

ಕವನಾ ಡಬ್ಬಿಯ ಮುಚ್ಚಳ ಒತ್ತಿದಳು. ಫ್ಲೆಕ್ಸ್ ಎಂಬ ಮಾತಿಗೇ ಕೈಯಲ್ಲಿದ್ದ ಅರ್ಧ ರೊಟ್ಟಿಯೂ ಬೇಡವಾಗಿತ್ತು.

ಇದು ಶುರುವಾದದ್ದು ಡಿಸೆಂಬರಿನಲ್ಲಿ. ಮೂಡಿಗೆರೆಯ ಜವಳಿ ವ್ಯಾಪಾರಿ ವಿಶ್ವನಾಥ್ ಎರಡು ಮಹಡಿಯ ಹೊಸ ಅಂಗಡಿ ಕಟ್ಟಿಸಿದ್ದರು. ಜಾಹೀರಾತಿಗೆ ಬಾಂಬೆಯ ಹುಡುಗಿ ಯಾಕೆ, ನಮ್ಮ ಹುಡುಗಿ, ನಮ್ಮ ತೋಟ, ನಮ್ಮ ಸೀರೆ ಇರಲಿ ಎಂಬ ಯೋಚನೆ ಅವರಿಗೇ ಹೊಳೆಯಿತು. ಸ್ಟುಡಿಯೋದ ಶಶಿಧರ್ ಯಾವುದೋ ಮದುವೆಯಲ್ಲಿ ಕವನಾ ನಗುವುದನ್ನು ತೆಗೆದಿದ್ದ ಫೋಟೋ ತೋರಿಸಿದ. ಮಾತುಕತೆ ಮುಗಿದು, ತಿಳಿ ಹಳದಿ ರೇಷ್ಮೆ ಸೀರೆ ಉಡಿಸಿ, ದೇವರಾಜನ ತೋಟದಲ್ಲೇ ಒಂದು ಬೆಳಗಿನ ಹೊತ್ತು ಫೋಟೋ ತೆಗೆದರು. ಗಿಡದ ಮೇಲಿನ ಕೆಂಪಿರುವೆ ಸೀರೆಯೊಳಗೆ ಹೊಕ್ಕು ಅವಳು ಕುಣಿದದ್ದು, ಶಶಿಧರ್ ಹಿಂದಕ್ಕೆ ಹೆಜ್ಜೆಯಿಡುತ್ತ ಹೋಗಿ ನೀರು ಹರಿಯುವ ತೋಡಿಗೆ ಬಿದ್ದದ್ದು, ಹೊಟ್ಟೆ ಹುಣ್ಣಾಗುವಂತೆ ಎಲ್ಲರೂ ನಕ್ಕದ್ದು. ಅಷ್ಟು ಸಂತೋಷದ ಬೆಳಗು ಕವನಾಳ ಬಾಳಿನಲ್ಲಿ ಹೆಚ್ಚೇನೂ ಬಂದಿರಲಿಲ್ಲ.

ಕ್ರಿಸ್‌ಮಸ್ ರಜೆಯಲ್ಲಿ ಶಶಿಧರ್ ತಿದ್ದಿ ಮುಗಿಸಿದ ಚಿತ್ರ ಅವಳ ಮೊಬೈಲಿಗೆ ಬಂತು. ಮೊದಲು ಕುಣಿದಾಡುವಷ್ಟು ಖುಷಿಯಾಯಿತು. ಗೆಳತಿಯರಿಗೆಲ್ಲ ಕಳಿಸಿದಳು. ಆಮೇಲೆ ಬಚ್ಚಲುಮನೆಯ ಕನ್ನಡಿಯ ಮುಂದೆ ಮೊಬೈಲನ್ನು ಹಿಡಿದುಕೊಂಡು ನಿಂತಳು. ಚಿತ್ರದ ಹುಡುಗಿ ಬೆಣ್ಣೆಯ ಬಣ್ಣ. ಇವಳದು ಹುರಿದ ಕಾಫಿಗಿಂತ ಸ್ವಲ್ಪ ತಿಳಿ. ಅವಳ ತೋಳು ಸಪೂರ, ಇವಳದು ಕುಯ್ಲಿನ ದಿನಗಳಲ್ಲಿ ಬುಟ್ಟಿ ಎತ್ತಿದ ತೋಳು. ಅವಳ ಸೊಂಟ ಎಲ್ಲಿ ಹೋಯಿತೋ ಹುಡುಕಬೇಕು. ಗದ್ದದ ಕೆಳಗೆ ಇವಳಿಗಿರುವ ಮೆತ್ತನೆಯ ಮಡಿಕೆ ಅವಳಿಗಿಲ್ಲ. ಮುಂದಿನ ಎರಡು ಹಲ್ಲುಗಳ ನಡುವೆ ಅಕ್ಕಿ ಕಾಳು ಸಿಕ್ಕಿಸಬಹುದಾದಷ್ಟು ಸಂದಿ, ಅಜ್ಜಿಯಿಂದ ಅಪ್ಪನಿಗೆ, ಅಪ್ಪನಿಂದ ಇವಳಿಗೆ ಬಂದದ್ದು, ಅದೂ ಇಲ್ಲ. ಅಲ್ಲಿ ಮುತ್ತು ಪೋಣಿಸಿದ ಹಾಗೆ ಸಾಲು ಹಲ್ಲು. ಹತ್ತೊಂಬತ್ತು ವರ್ಷದಲ್ಲಿ ಕವನಾ ಒಂದು ದಿನವೂ ತನ್ನಲ್ಲಿ ಏನೋ ಸರಿಯಿಲ್ಲ ಎಂದುಕೊಂಡವಳಲ್ಲ. ಆ ದಿನ ಒಂದೊಂದಾಗಿ ಎಲ್ಲ ಗೊತ್ತಾಯಿತು. ಸರಿಪಡಿಸಿದವರೇ ಪಟ್ಟಿ ಮಾಡಿ ಕೊಟ್ಟಿದ್ದರಲ್ಲ.

ಅಜ್ಜಿಗೂ ತೋರಿಸಿದ್ದಳು. ಅಜ್ಜಿ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಯಾರ್ ಮನೆ ಹುಡ್ಗಿನೆ ಇದು? ಪಾಪ, ಹೊಟ್ಟೆಗ್ ಸರಿಯಾಗ್ ಹಾಕಲ್ವೇನೋ" ಎಂದಿತು. ಅದು ತಾನೇ ಎಂದು ಹೇಳದೆ ಕವನಾ ಮೊಬೈಲು ಇಸಿದುಕೊಂಡಳು. ಅಂದಿನಿಂದ ಆ ಮೊಬೈಲಿಗೂ ಅದೇನು ತಿಳಿಯಿತೋ, ತೆರೆದಾಗಲೆಲ್ಲ ಬಿಳುಪಿನ ಕ್ರೀಮು, ಹೊಟ್ಟೆ ಕರಗಿಸುವ ಟೀ, ಇಪ್ಪತ್ತೊಂದು ದಿನದಲ್ಲಿ ಸಪೂರ ಸೊಂಟ, ಇಂಥ ಜಾಹೀರಾತುಗಳೇ. ಕವನಾ ಕಣದ ಬಿಸಿಲಿಗೆ ಹೋಗುವುದನ್ನು ಬಿಟ್ಟಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿತಳು. ಅಂಗನವಾಡಿ ಟೀಚರಾಗಿರುವ ಅವಳ ಅಮ್ಮ ಭುವನಾ, "ಊರಿನ್ ಮಕ್ಕಳ್ ತೂಕ ಹಾಕಿ ಸರ್ಕಾರಕ್ ಬರೀತೀನಿ, ಮನೇಲಿರೋದು ಒಣಗ್ತಾ ಇದೆ" ಎಂದು ಗೊಣಗಿದಳು. ಚೆಂದ ಇದೀಯ ಕಣೆ ಎಂದು ಮುದ್ದಾಡಿಯೂ ನೋಡಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಕವನಾ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಎಲ್ಲಕ್ಕಿಂತ ದೊಡ್ಡ ಭಯ ಸೋಮವಾರದ್ದು. ಅಂದು ಅಂಗಡಿಯ ಪ್ರಾರಂಭ. ಅದೇ ಸೀರೆ ಉಟ್ಟು ಬಾಗಿಲಲ್ಲಿ ನಿಂತು ಬಂದವರಿಗೆ ಪನ್ನೀರು ಹಾಕಬೇಕೆಂದು ವಿಶ್ವನಾಥ್ ಹೇಳಿದ್ದರು, ಅವಳು ಹೂಂ ಅಂದಿದ್ದಳು. ಬಾಗಿಲ ಇನ್ನೊಂದು ಕಡೆ ಅವಳದೇ ಆಳೆತ್ತರದ ಕಟೌಟು. ಬಂದವರು ಒಮ್ಮೆ ಅದನ್ನು ನೋಡುತ್ತಾರೆ, ಒಮ್ಮೆ ಇವಳನ್ನು ನೋಡುತ್ತಾರೆ. ಆ ಎರಡನೆಯ ನೋಟವನ್ನು ನೆನೆದೇ ಅವಳು ರೊಟ್ಟಿ ಅರ್ಧ ಮಾಡುತ್ತಿದ್ದದ್ದು. ಅಷ್ಟರೊಳಗೆ ಆ ಹುಡುಗಿಯಂತೆ ಆಗಬೇಕು, ಇಲ್ಲವೇ ಜ್ವರ ಬಂದು ಮಲಗಬೇಕು. ಇವತ್ತು ಗುರುವಾರ.

"ಬಾ, ನೋಡ್ಕಂಡ್ ಬರಾಣ," ಎಂದ ದೇವರಾಜ. ಕವನಾ ಮುಖಕ್ಕೆ ದುಪ್ಪಟ್ಟಾ ಸುತ್ತಿಕೊಂಡು ಸ್ಕೂಟರು ಹತ್ತಿದಳು.

ಗೋಣಿಬೀಡಿನಲ್ಲಿ ಫ್ಲೆಕ್ಸಿನ ಕೆಳಗೆ ಎಂಟು ಹತ್ತು ಜನ ತಲೆಯೆತ್ತಿಕೊಂಡು ನಿಂತಿದ್ದರು. ಎಲ್ಲರೂ ಬೆಳೆಗಾರರೇ. ನಿಜವೋ ಸುಳ್ಳೋ ಕಣ್ಣಾರೆ ನೋಡಿಯೇಬಿಡೋಣವೆಂದು ಗಂಗಾಧರಪ್ಪನವರೂ ವಸ್ತಾರೆಯಿಂದ ಜೀಪು ಓಡಿಸಿಕೊಂಡು ಬಂದಿದ್ದರು. ಕವನಾ ಅಪ್ಪನ ಬೆನ್ನಿನ ಹಿಂದೆ ನಿಂತಳು. ಈಗ ಯಾರಾದರೂ ಹೇಳುತ್ತಾರೆ, ಎಂಥ ಚೆಲುವೆ ಎನ್ನುತ್ತಾರೆ, ಇಲ್ಲವೇ ಇದು ದೇವರಾಜನ ಮಗಳಲ್ಲವೇ ಅಲ್ಲ ಎನ್ನುತ್ತಾರೆ. ಯಾವುದನ್ನು ಕೇಳಲೂ ಅವಳಿಗೆ ಧೈರ್ಯವಿರಲಿಲ್ಲ.

"ಒಂದ್ ಎಲೆಗಾದ್ರೂ ತೂತಿದ್ಯ ನೋಡು," ಎಂದ ಒಬ್ಬ. "ಎಣ್ಣೆ ಹಚ್ಚಿ ಒರ್ಸಿದಂಗಿದೆ."

"ಹಿಂದಿನ್ ಮರದಲ್ಲಿ ಮೆಣಸಿನ್ ಬಳ್ಳಿ ಇರ್ಬೇಕಿತ್ತಲ್ಲ, ಎಲ್ಲೋಯ್ತು?"

"ಅದಿರ್ಲಿ ಮಾರಾಯ, ಗೊಂಚಲು ನೋಡು," ಎಂದರು ಗಂಗಾಧರಪ್ಪ. "ಒಂದ್ ಗೊಂಚ್ಲಲ್ಲಿ ಕಾಯಿ ಇರುತ್ತೆ, ದೋರೆ ಇರುತ್ತೆ, ಹಣ್ಣಿರುತ್ತೆ. ಎಲ್ಲ ಒಂದೇ ದಿನ ಹಣ್ಣಾಗ ಗಿಡ ನಾನು ಎಪ್ಪತ್ ವರ್ಷದಲ್ಲಿ ಕಂಡಿಲ್ಲ. ಅದ್ರ ಮೇಲೆ ಈ ಹೂ ಬೇರೆ! ಕುಯ್ಲಿನ್ ಟೈಮಲ್ಲಿ ಇಂಥದ್ನ ಊರ್ ಬಾಗ್ಲಲ್ಲಿ ಹಾಕದಾ? ಅಪಶಕುನ."

ಹೀಗೆ ಗಿಡವನ್ನು ಬುಡದಿಂದ ತುದಿಯವರೆಗೆ ಝಾಡಿಸಿದರು. ಅದರ ಮುಂದೆ ಇಪ್ಪತ್ತಡಿ ಎತ್ತರದಲ್ಲಿ ನಿಂತಿದ್ದ ಹುಡುಗಿಯ ಬಗ್ಗೆ ಒಂದು ಮಾತಿಲ್ಲ. ಕವನಾಳಿಗೆ ಸಮಾಧಾನವೂ ಆಯಿತು, ಅವಮಾನವೂ ಆಯಿತು.

ದೇವರಾಜನ ಮುಖದ ಮೇಲಿನ ನಗು ಯಾವಾಗಲೋ ಇಳಿದುಹೋಗಿತ್ತು.

"ಇದು ತೋಡಿನ್ ಪಕ್ಕದ್ ಗಿಡ," ಎಂದ ಕೊನೆಗೆ. "ಎಡಗಡೆ ಕೊಂಬೆ ಹೋದ್ ಮಳೆಗಾಲದಲ್ಲಿ ಮರ ಬಿದ್ದು ಮುರ್ದಿತ್ತು. ಇಲ್ಲಿ ಐತೆ ನೋಡಿ. ಹೊಸ್ದು ಹಚ್ಚವ್ರೆ." ಬೆರಳು ಆ ಕೊಂಬೆಯತ್ತಲೇ ಚಾಚಿ, "ನನ್ ಗಿಡಕ್ಕೆ ಏನಾಗಿತ್ತು ಅಂತ ಹಿಂಗ್ ಮಾಡಿದ್ರು? ಮುರ್ಕಂಡ್ರೂ ಆ ಸಾಲಲ್ಲಿ ಚೆನ್ನಾಗ್ ಹಣ್ ಬಿಟ್ಟಿದ್ದು ಅದೊಂದೇ," ಎಂದ. ಮನೆಯವರಿಗೆ ಯಾರೋ ಬೈದಷ್ಟು ನೋವು ಆ ಧ್ವನಿಯಲ್ಲಿತ್ತು.

ಕವನಾ ಅವನ ಅಂಗಿಯ ತೋಳು ಜಗ್ಗಿದಳು. "ಹುಡ್ಗೀನೂ ಸ್ವಲ್ಪ ನೋಡಪ್ಪ."

"ಯಾವ್ ಹುಡ್ಗಿ? ನೀನೇ ಅಲ್ವನೆ?"

"ಸರಿಯಾಗ್ ನೋಡು."

ದೇವರಾಜ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಮಗಳ ಫೋಟೋ ಎಂದು ಮೊದಲೇ ಗೊತ್ತಿದ್ದರಿಂದ ಅವನು ಮಗಳನ್ನೇ ಕಂಡಿದ್ದ, ಚಿತ್ರವನ್ನು ನೋಡಿಯೇ ಇರಲಿಲ್ಲ. ಈಗ ನೋಡುತ್ತ ನೋಡುತ್ತ ಅವನ ನಾಲಿಗೆ ತಾನಾಗಿ ತನ್ನ ಮುಂದಿನ ಹಲ್ಲುಗಳ ಸಂದಿಗೆ ಹೋಯಿತು.

"ನಮ್ ಹಲ್ಲಿನ್ ಸಂದಿ ಎಲ್ಲೋಯ್ತೆ?" ಎಂದ.

ಹಿಂದಿರುಗುವಾಗ ದಾರಿಯುದ್ದಕ್ಕೂ ಕವನಾ ಅಪ್ಪನ ಬೆನ್ನಿಗೆ ಹಣೆಯಿಟ್ಟು ಅತ್ತಳು. ಅಂಗಿ ಒದ್ದೆಯಾದದ್ದು ತಿಳಿದು ದೇವರಾಜ ಒಂದು ಅತ್ತಿಮರದ ನೆರಳಿನಲ್ಲಿ ಸ್ಕೂಟರು ನಿಲ್ಲಿಸಿದ.

"ಸೋಮ್ವಾರ ನಾನ್ ಹೋಗಲ್ಲಪ್ಪ. ಅದ್ರ ಪಕ್ಕ ನಿಂತ್ಕಳಕ್ಕೆ ನನ್ ಕೈಲಾಗಲ್ಲ. ಎಲ್ರೂ ನೋಡಿ ನಗ್ತಾರೆ."

ಅರ್ಧ ರೊಟ್ಟಿ, ದುಪ್ಪಟ್ಟಾ, ಬಾಯಿಗೆ ಅಡ್ಡ ಬರುವ ಕೈ, ಎಲ್ಲ ಅವನಿಗೆ ಆಗ ಅರ್ಥವಾಯಿತು. ಏನಾದರೂ ಹೇಳಬೇಕೆಂದು ಅವನಿಗೂ ಅನ್ನಿಸಿತು. ಆದರೆ ಗಿಡದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ಮನುಷ್ಯನಿಗೆ ಮಗಳ ಮುಂದೆ ಒಂದು ಪದವೂ ಸಿಗಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದ, ಅದಕ್ಕೆ ಕಾಫಿ ಕಲೆಯಾಗಿತ್ತೆಂದು ತಿರುಗಿ ಒಳಗಿಟ್ಟುಕೊಂಡ. ಪುಣ್ಯಕ್ಕೆ ಮತ್ತೆ ಫೋನು ಬಂತು. ಕಳಸದ ಕಡೆಯ ಯಾರೋ ನೆಂಟರು. ಅದೇ ಪ್ರಶ್ನೆ.

"ಇಲ್ಲ ಮಾರಾಯ್ರೆ, ಏನೂ ಆಗಿಲ್ಲ," ಎಂದ ದೇವರಾಜ, ರಸ್ತೆಗೆಲ್ಲ ಕೇಳುವಂತೆ. "ನಮ್ ಗಿಡ ಸರಿಯಾಗೇ ಇದೆ. ಸುಳ್ಳ್ ಹೇಳ್ತಿರದು ಆ ಫೋಟೋ!"

ಫೋನು ಇಟ್ಟು ತಿರುಗಿದಾಗ ಕವನಾ ಅಳು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಮೂಗು ಒರೆಸಿಕೊಂಡು, "ವಿಶ್ವನಾಥ್ ಸಾರ್‌ಗೆ ಫೋನ್ ಮಾಡಪ್ಪ," ಎಂದಳು.

ವಿಶ್ವನಾಥ್ ಫೋನು ಎತ್ತಿದವರೇ ಗೋಳು ಶುರುಮಾಡಿದರು. "ಬೆಳಗ್ಗೆಯಿಂದ ಹದಿನಾರ್ ಫೋನ್ ಬಂತು ದೇವರಾಜಣ್ಣ. ಸೀರೆ ಎಷ್ಟು ಅಂತ ಒಬ್ರೂ ಕೇಳ್ಲಿಲ್ಲ. ಹೂ ಅಂತೆ, ಅಪಶಕುನ ಅಂತೆ! ಚೆಂದ ಕಾಣ್ಲಿ ಅಂತ ಹಾಕ್ಸಿದ್ದು ನಾನು. ಶಶಿಧರ್‌ಗೆ ಹೇಳಿದೀನಿ, ಹೂ ತೆಗ್ದು ಬೇರೆ ಪ್ರಿಂಟ್ ಹಾಕ್ಸ್ತಾನೆ. ಕಟೌಟೂ ಅಷ್ಟೆ."

ಕವನಾ ಫೋನು ಇಸಿದುಕೊಂಡಳು. "ಸಾರ್, ನಾನು ಕವನಾ. ಹೂ ತೆಗ್ಸೋವಾಗ ನನ್ನ ಹಲ್ಲಿನ್ ಸಂದಿ ವಾಪಸ್ ಹಾಕ್ಸಿ. ಬಣ್ಣ, ತೋಳು, ಗದ್ದ, ಎಲ್ಲ ಇದ್ದಂಗೇ ಇರ್ಲಿ."

ವಿಶ್ವನಾಥ್ ರಾಗ ಎಳೆದರು. "ಅಲ್ಲಮ್ಮ, ಅದೆಲ್ಲ ಎಲ್ರೂ ಮಾಡ್ಸೋದೇ. ಬೆಳ್ಳಗಿದ್ರೆ ಸೀರೆ ಎದ್ದು ಕಾಣುತ್ತೆ. ನಿಂಗೂ ಚೆಂದ, ನಮ್ಗೂ ಚೆಂದ."

"ಅದು ನಾನಲ್ಲ ಸಾರ್. ನಮ್ಮಜ್ಜಿಗೇ ಗುರ್ತ್ ಸಿಗ್ಲಿಲ್ಲ."

"ನೋಡಮ್ಮ, ಹಿಂಗೆಲ್ಲ ಹಟ ಮಾಡಿದ್ರೆ ಸೀರೆ ಕಂಪ್ನಿಯೋರು ಕಳ್ಸಿರೋ ರೆಡಿ ಫೋಟೋ ಇದೆ ನನ್ನತ್ರ. ಬಾಂಬೆ ಹುಡ್ಗೀದು. ಅದನ್ನೇ ಹಾಕ್ಬಿಡ್ತೀನಿ."

ಎಷ್ಟಾದರೂ ಅದು ಕವನಾ ಆಸೆ ಪಟ್ಟ ಫೋಟೋ. ಕಾಲೇಜಿಗೆಲ್ಲ ಹೇಳಿಕೊಂಡು ಬಂದಿದ್ದಳು.

"ಹಾಕಿ ಸಾರ್," ಎಂದಳು.

ಪಕ್ಕದಿಂದ ದೇವರಾಜ ಫೋನಿಗೆ ಬಾಯಿ ತಂದ. "ಹಂಗಾದ್ರೆ ನಮ್ ಗಿಡಾನೂ ತೆಗ್ದುಬಿಡಿ ವಿಶ್ವಣ್ಣ. ಜೊತೇಲ್ ಬಂದಿದ್ದು, ಜೊತೇಲೇ ಹೋಗ್ಲಿ."

ವಿಶ್ವನಾಥ್ ವ್ಯಾಪಾರಸ್ಥರು. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಇದೇ ಫೋನು ಮಾಡಿದ ಬೆಳೆಗಾರರು ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೂ ಮಿಗಿಲಾಗಿ ಅವರು ಕೆಟ್ಟ ಮನುಷ್ಯರಲ್ಲ. "ಅಪ್ಪ ಮಗಳು ಸೇರ್ಕಂಡು ನನ್ ಅಂಗ್ಡಿಗೆ ಬಾಗ್ಲು ಹಾಕಿಸ್ತೀರಲ್ಲ," ಎಂದು ದೊಡ್ಡದಾಗಿ ನಿಟ್ಟುಸಿರು ಬಿಟ್ಟು, "ಆಯ್ತು ಮಾರಾಯ್ತಿ, ನಿನ್ ಹಲ್ಲು ನಿಂಗಿರ್ಲಿ. ಸೋಮ್ವಾರ ಹೊತ್ತಿಗ್ ಸರಿಯಾಗಿ ಬಾ," ಎಂದರು.

ಮನೆಗೆ ಬಂದು ಕವನಾ ಅಜ್ಜಿಯ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿಬಿಟ್ಟಳು. ಮೊಬೈಲಿನಲ್ಲಿದ್ದದ್ದು ತಾನೇ ಎಂಬುದನ್ನೂ ಹೇಳಿದಳು. ಅಜ್ಜಿ ಅವಳ ಗದ್ದದ ಕೆಳಗಿನ ಮಡಿಕೆಯನ್ನು ಬೆರಳಿನಿಂದ ಸವರುತ್ತಿತ್ತು.

"ನನ್ ಸಂದಿ ಹಲ್ಲಿನ್ ಜೊತೆಗೇ ಉದ್ರೋಯ್ತು ಕಣೆ," ಎಂದಿತು ಆಮೇಲೆ, ಬೊಚ್ಚು ಬಾಯಲ್ಲಿ. "ನಿನ್ನತ್ರ ಐತಲ್ಲ ಅಂತ ಧೈರ್ಯವಾಗಿದ್ದೆ."

ಆ ಮಧ್ಯಾಹ್ನ ಕವನಾ ಒಂದು ಪೂರ್ತಿ ರೊಟ್ಟಿ ತಿಂದಳು. ಎರಡನೆಯದನ್ನು ಮುರಿದು ಅರ್ಧ ಡಬ್ಬಿಗೆ ಹಾಕಿದಳು. ಗಂಗಾಧರಪ್ಪನವರು ಹೇಳಿದಂತೆ, ಎಲ್ಲ ಒಂದೇ ದಿನ ಹಣ್ಣಾಗುವುದಿಲ್ಲ. ಅಜ್ಜಿಯೂ ಒತ್ತಾಯ ಮಾಡಲಿಲ್ಲ.

ಸೋಮವಾರ ಅಂಗಡಿಗೆ ಹೋದಾಗ ಕಟೌಟಿಗೆ ಬಿಳಿ ಬಟ್ಟೆ ಮುಚ್ಚಿತ್ತು. ಶಶಿಧರ್ ಅದರ ಪಕ್ಕ ನಿಂತು, "ನಿನ್ ಹಲ್ಲಿನ್ ಸಂದಿ ಮುಚ್ಚಕ್ಕೆ ನಂಗೆ ಅರ್ಧ ರಾತ್ರಿ ಹಿಡ್ದಿತ್ತು. ಈಗ ಒಂದ್ ಬಟನ್‌ಗೆ ಹೋಯ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ," ಎಂದು ಗೊಣಗುತ್ತ ಬಟ್ಟೆ ಎಳೆದ.

ಬೆಣ್ಣೆಯ ಬಣ್ಣದ ಹುಡುಗಿಯನ್ನು ಮೂರು ವಾರ ನೋಡಿದ ಕವನಾಳ ಕಣ್ಣಿಗೆ ಕಟೌಟಿನವಳು ದಪ್ಪಗೆ, ಕಪ್ಪಗೆ ಕಂಡಳು. ಆ ಹುಡುಗಿ ಹೋದಳಲ್ಲ ಎಂದು ಒಂದು ಚೂರು ಬೇಸರವೂ ಆಯಿತು. ಪಕ್ಕದಲ್ಲಿ ತೋಡಿನ ಬದಿಯ ಗಿಡ, ಎಡಗಡೆ ಮುರಿದ ಕೊಂಬೆಯ ಮೋಟು, ಎಲೆಯಲ್ಲಿ ತೂತು, ಗೊಂಚಲಿನಲ್ಲಿ ಹಸಿರು ಕಾಯಿ. ನಡುವೆ ಕೆಂಪಿರುವೆ ಕಚ್ಚಿದ ಮರುಗಳಿಗೆಯ ಆ ನಗು. ಆ ಬೆಳಗು ಅವಳಿಗೆ ನೆನಪಾಯಿತು. ಪನ್ನೀರುದಾನಿ ಎತ್ತಿಕೊಂಡು ಬಾಗಿಲ ಇನ್ನೊಂದು ಕಡೆ ನಿಂತಳು.

ಜನ ಬರತೊಡಗಿದರು. ಗಂಗಾಧರಪ್ಪನವರು ಮೊದಲು ಗಿಡ ನೋಡಿ, "ಹಾಂ, ಈಗ ಸರಿ," ಎಂದು ಒಳಗೆ ಹೋದರು. ಕೆಲವರು ಕಟೌಟು ನೋಡಿ ಇವಳತ್ತ ತಿರುಗಿದರು. ಪ್ರತಿ ಸಲ ಅವಳ ಎಡಗೈ ಬಾಯಿಯ ಕಡೆಗೆ ಏಳುತ್ತಿತ್ತು. ಬಲವಂತದಿಂದ ಇಳಿಸುತ್ತಿದ್ದಳು.

ಹನ್ನೊಂದರ ಬಸ್ಸಿಗೆ ಅಮ್ಮನ ಜೊತೆ ಅಜ್ಜಿ ಬಂತು. ಭುವನಾ ಚಪ್ಪಲಿ ಬಿಡುವುದರೊಳಗೆ ಅಜ್ಜಿ ಹೊರಗಿನ ಬಿಸಿಲಿನಿಂದ ಮೆಟ್ಟಿಲು ಹತ್ತಿ, ಬಾಗಿಲ ನೆರಳಿನಲ್ಲಿ ಕಣ್ಣು ಕಿರಿದು ಮಾಡಿ ನಿಂತಿತು. ಬಲಗಡೆ ನೋಡಿತು. ಕೈಯಲ್ಲಿದ್ದ ಬಟ್ಟೆಯ ಚೀಲವನ್ನು ಕಟೌಟಿನತ್ತ ಚಾಚಿತು.

"ಹಿಡ್ಕಳೆ ಇದ್ನ. ರೊಟ್ಟಿ ಐತೆ."

ಕಟೌಟು ಹಿಡಿದುಕೊಳ್ಳಲಿಲ್ಲ.

"ಸುಮ್ನೆ ಹಲ್ಲ್ ಕಿರ್ಕಂಡ್ ನಿಂತಿದೀಯಲ್ಲೆ ಕವನಾ, ಹಿಡ್ಕ ಅಂದೆ! ಆರೋಗುತ್ತೆ."

ಕವನಾ ಪನ್ನೀರುದಾನಿಯನ್ನು ಕೆಳಗಿಟ್ಟಳು. ನಗು ಒತ್ತರಿಸಿಕೊಂಡು ಬಂತು, ಕಣ್ಣು ತುಂಬಿ ಬಂತು, ಎರಡು ಕೈಯನ್ನೂ ಮುಂದೆ ಚಾಚಿ ಅಜ್ಜಿಯ ಕೈಯಿಂದ ಚೀಲ ತೆಗೆದುಕೊಂಡಳು. ಚೀಲದೊಳಗಿನ ಡಬ್ಬಿ ಇನ್ನೂ ಬಿಸಿಯಾಗಿತ್ತು.